ವೈರಲ್ ಜ್ವರದ ಬೆನ್ನಿಗೆ ಬರುವ ಶಿಲೀಂಧ್ರ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿದ ಮೇಲೆ ಒಮ್ಮೆ, ಕಾಫಿ ಕೊಯ್ಲಿನ ಚಳಿಯಲ್ಲಿ ಇನ್ನೊಮ್ಮೆ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಆಸ್ಪತ್ರೆಗಳ ಮುಂದೆ ನೆಗಡಿ, ಕೆಮ್ಮು, ಜ್ವರದವರ ಸಾಲು ಉದ್ದವಾಗುತ್ತದೆ. ಅವರಲ್ಲಿ ಬಹುಪಾಲು ಜನ ಒಂದು ವಾರದೊಳಗೆ ಚೇತರಿಸಿಕೊಂಡು ಕೆಲಸಕ್ಕೆ ಮರಳುತ್ತಾರೆ. ಕೆಲವೇ ಕೆಲವರಲ್ಲಿ ಮಾತ್ರ, ಇನ್ನೇನು ಗುಣವಾಯಿತು ಎನ್ನುವಷ್ಟರಲ್ಲಿ ಜ್ವರ ಮರುಕಳಿಸುತ್ತದೆ, ಇಲ್ಲವೇ ಐಸಿಯುನಲ್ಲಿ ಉಸಿರಾಟ ದಿನೇ ದಿನೇ ಕುಗ್ಗುತ್ತ ಹೋಗುತ್ತದೆ; ಪರೀಕ್ಷೆ ಮಾಡಿದಾಗ ವೈರಸ್ ಹದಮಾಡಿಟ್ಟ ಜಾಗದಲ್ಲಿ ಶಿಲೀಂಧ್ರ ಬೇರುಬಿಟ್ಟಿರುವುದು ಗೊತ್ತಾಗುತ್ತದೆ. ಕಫ ಮತ್ತು ಅಂಗಾಂಶದ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದು ನನ್ನ ನಿತ್ಯದ ಕೆಲಸ. ವರದಿ ಪಡೆಯಲು ಪ್ರಯೋಗಾಲಯದ ಕಿಟಕಿಯ ಬಳಿ ಬರುವ ರೋಗಿಗಳ ಮನೆಯವರು ಕೇಳಿದ ಪ್ರಶ್ನೆಗಳಿಗೆ ಅಲ್ಲಿ ನಿಂತ ಎರಡು ನಿಮಿಷದಲ್ಲಿ ಹೇಳಲಾಗದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಬಂದದ್ದು ವೈರಲ್ ಜ್ವರ. ಅದರಲ್ಲಿ ಶಿಲೀಂಧ್ರ ಎಲ್ಲಿಂದ ಬಂತು?

ಗಾಳಿಯಿಂದ ಬಂತು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣುಗಳು ಕೇವಲ 2ರಿಂದ 3 ಮೈಕ್ರಾನ್ ಗಾತ್ರದವು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕೊಟ್ಟಿಗೆಯ ಹುಲ್ಲು, ಗೊಬ್ಬರದ ಗುಂಡಿ, ಕೊಳೆಯುತ್ತಿರುವ ಕಾಫಿ ಹಣ್ಣಿನ ಸಿಪ್ಪೆ, ಮಳೆಗಾಲದಲ್ಲಿ ಜೌಗು ಹಿಡಿದ ಗೋಡೆ, ಹೀಗೆ ಎಲ್ಲೆಡೆಯಿಂದಲೂ ಅವು ತೇಲಿ ಬರುತ್ತವೆ, ಮತ್ತು ನಾವೆಲ್ಲರೂ ದಿನಕ್ಕೆ ನೂರಾರು ಬೀಜಾಣುಗಳನ್ನು ಉಸಿರಾಡುತ್ತೇವೆ. ಆರೋಗ್ಯವಂತರ ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿದ್ದು, ಅವು ಲೋಳೆಯ ಜೊತೆ ಈ ಬೀಜಾಣುಗಳನ್ನು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ತಪ್ಪಿಸಿಕೊಂಡು ಕೆಳಗಿಳಿದವನ್ನು ಶ್ವಾಸಕೋಶದ ಕಾವಲು ಜೀವಕೋಶಗಳು ನುಂಗಿಹಾಕುತ್ತವೆ. ಫ್ಲೂ ಅಥವಾ ಕೋವಿಡ್ ತೀವ್ರವಾದಾಗ ರೋಮಗಳಿರುವ ಆ ಒಳಪದರವೇ ಸುಲಿದುಹೋಗುತ್ತದೆ ಮತ್ತು ರಕ್ತದಲ್ಲಿ ರೋಗನಿರೋಧಕ ಲಿಂಫೋಸೈಟ್‌ಗಳ ಸಂಖ್ಯೆ ಕುಸಿಯುತ್ತದೆ. ಬೀಜಾಣು ಮೊಳೆತು ಎಳೆಬಿಡುವುದಕ್ಕೆ ಅಷ್ಟು ಸಾಕು. ಒಂದು ಸೋಂಕಿನ ಜೊತೆಗೋ ಬೆನ್ನಿಗೋ ಹೀಗೆ ಇನ್ನೊಂದು ಸೇರಿಕೊಳ್ಳುವುದನ್ನು ಜೊತೆಸೋಂಕು ಎನ್ನುತ್ತಾರೆ.

ಇದು ಎಷ್ಟು ಜನರಿಗೆ ಬರುತ್ತದೆ? ನೆಗಡಿ ಬಂದವರೆಲ್ಲ ಹೆದರಬೇಕೇ?

ಹೆದರಬೇಕಾಗಿಲ್ಲ. ಮನೆಯಲ್ಲೇ ಮಲಗಿ ಗುಣವಾಗುವ ಜ್ವರದಲ್ಲಿ ಇದು ಅತಿ ವಿರಳ. ಅಪಾಯವಿರುವುದು ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾಗುವಷ್ಟು ಕಾಯಿಲೆ ಬಿದ್ದವರಿಗೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ಐಸಿಯುಗಳಲ್ಲಿ ತೀವ್ರ ಫ್ಲೂ ಇದ್ದ 432 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 19ರಷ್ಟು ಜನರಿಗೆ ಶ್ವಾಸಕೋಶದ ಆಸ್ಪರ್ಜಿಲಸ್ ಸೋಂಕು ಕಂಡುಬಂದಿತ್ತು. ಸೋಂಕಿದ್ದವರಲ್ಲಿ ಶೇ. 51ರಷ್ಟು ಜನ 90 ದಿನಗಳೊಳಗೆ ತೀರಿಕೊಂಡಿದ್ದರು. ಸೋಂಕಿಲ್ಲದವರಲ್ಲಿ ಆ ಪ್ರಮಾಣ ಶೇ. 28. ಈ ಎರಡು ಅಂಕಿಗಳ ನಡುವಿನ ಅಂತರವೇ ನಾನು ಇದನ್ನು ಬರೆಯಲು ಕಾರಣ.

ಕೋವಿಡ್ ಕಾಲದಲ್ಲಿ "ಕಪ್ಪು ಶಿಲೀಂಧ್ರ" ಎಂದು ಹೆಸರಾದ ಮ್ಯೂಕರ್ ಎಂಬ ಇನ್ನೊಂದು ಶಿಲೀಂಧ್ರದ ಸೋಂಕಿನ ಲೆಕ್ಕ ಬೇರೆ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಭಾರತದ 16 ಕೇಂದ್ರಗಳಲ್ಲಿ ನಡೆದ ಅಧ್ಯಯನದ ಪ್ರಕಾರ, ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಶೇ. 0.27ರಷ್ಟು ಜನರಿಗೆ ಅದು ಬಂದಿತ್ತು. ಪ್ರಮಾಣ ಸಣ್ಣದು. ಆದರೆ ಎರಡನೆಯ ಅಲೆಯಲ್ಲಿ ರೋಗಿಗಳ ಸಂಖ್ಯೆ ಮಿತಿಮೀರಿದಾಗ ಅದೇ ಸೋಂಕು 2021ರ ಜೂನ್ ಅಂತ್ಯದ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನು ಮುಟ್ಟಿತ್ತು.

ಸಕ್ಕರೆ ಕಾಯಿಲೆಗೂ ಇದಕ್ಕೂ ಏನು ಸಂಬಂಧ?

ಮ್ಯೂಕರ್ ಸೋಂಕಿನ ಮಟ್ಟಿಗೆ ಇದಕ್ಕಿಂತ ಹತ್ತಿರದ ಸಂಬಂಧ ಇನ್ನೊಂದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಶಿಲೀಂಧ್ರವನ್ನು ಕೊಲ್ಲಬೇಕಾದ ಬಿಳಿ ರಕ್ತಕಣಗಳು ಮಂದವಾಗುತ್ತವೆ. ಸಕ್ಕರೆ ತೀರ ಹದ ತಪ್ಪಿ ರಕ್ತ ಆಮ್ಲೀಯವಾದರೆ, ಪ್ರೋಟೀನುಗಳಿಗೆ ಅಂಟಿಕೊಂಡಿರಬೇಕಾದ ಕಬ್ಬಿಣ ಕಳಚಿಕೊಂಡು ಬಿಡಿಯಾಗಿ ಓಡಾಡತೊಡಗುತ್ತದೆ, ಮತ್ತು ಮ್ಯೂಕರ್‌ಗೆ ಕಬ್ಬಿಣವೆಂದರೆ ಗೊಬ್ಬರವಿದ್ದಂತೆ. ಜ್ವರ ಬಂದಾಗ ಸಕ್ಕರೆ ತಾನಾಗಿಯೇ ಏರುತ್ತದೆ ಎಂಬುದನ್ನು ನಮ್ಮ ಕಡೆ ಹಲವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಡಾಕ್ಟ್ರೇ, ಊಟಾನೇ ಸೇರ್ತಿಲ್ಲ, ಅದಕ್ಕೆ ಶುಗರ್ ಮಾತ್ರೆ ನಿಲ್ಲಿಸಿದೀವಿ" ಎನ್ನುವ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಊಟ ಕಡಿಮೆಯಾದಾಗ ಮಾತ್ರೆಯಲ್ಲಿ ಬದಲಾವಣೆ ಬೇಕಾಗಬಹುದು, ಕೆಲವು ಮಾತ್ರೆಗಳನ್ನು ನಿಲ್ಲಿಸಬೇಕಾಗಲೂಬಹುದು. ಆದರೆ ಅದನ್ನು ಸಕ್ಕರೆ ಅಳೆದು ವೈದ್ಯರು ತೀರ್ಮಾನಿಸಬೇಕು. ಇನ್ಸುಲಿನ್ ಮೇಲೆ ಇರುವವರು ಅದನ್ನು ತಾವಾಗಿಯೇ ನಿಲ್ಲಿಸಲೇಬಾರದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಸಕ್ಕರೆಯನ್ನು 140ರಿಂದ 180ರೊಳಗೆ ಇಡಲು ಪ್ರಯತ್ನಿಸುತ್ತಾರೆ. ರೋಗಿಯ ಪಕ್ಕದಲ್ಲಿರುವವರು ಪ್ರತಿದಿನ ಆ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಸ್ಟೆರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎನ್ನುತ್ತಾರೆ. ಹಾಗಾದರೆ ಅದನ್ನು ಕೊಡುವುದೇ ತಪ್ಪೇ?

ಖಂಡಿತ ಅಲ್ಲ. ಕೋವಿಡ್‌ನಲ್ಲಿ ಆಮ್ಲಜನಕ ಬೇಕಾದವರ ಜೀವ ಉಳಿಸಿದ ಔಷಧ ಅದು. 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಕೊಟ್ಟು, ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದದ್ದನ್ನು ತೋರಿಸಿತು. ಅದೇ ಅಧ್ಯಯನ ಹೇಳಿದ ಇನ್ನೊಂದು ಸಂಗತಿ ಜನರ ಕಿವಿಗೆ ಅಷ್ಟಾಗಿ ಬೀಳಲಿಲ್ಲ: ಆಮ್ಲಜನಕ ಬೇಕಾಗದ ರೋಗಿಗಳಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಅಂಥವರಿಗೆ ಉಳಿಯುವುದು ಸಕ್ಕರೆ ಏರುವ, ನಿರೋಧಕ ಶಕ್ತಿ ಕುಗ್ಗುವ ಹಾನಿ ಮಾತ್ರ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಆಸ್ಪತ್ರೆಯ ಹೊರಗೆ ನುಂಗುವ ಸ್ಟೆರಾಯ್ಡ್. ಸಕಲೇಶಪುರದ ಕಡೆಯ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡುವವರು) ಆಗಿದ್ದ ಒಬ್ಬರ ಮಗಳು ತನ್ನ ತಂದೆ ಹನ್ನೆರಡು ದಿನ ನುಂಗಿದ್ದ ಮಾತ್ರೆಗಳ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದರು. ಸುದ್ದಿಪತ್ರಿಕೆಯ ಚೂರಿನಲ್ಲಿ ಮಡಚಿದ್ದ ನಾಲ್ಕು ಬಗೆಯ ಬಿಡಿ ಮಾತ್ರೆಗಳು; ಅವುಗಳಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ. ಹೆಸರಿಲ್ಲ, ಪಟ್ಟಿಯಿಲ್ಲ. "ಅದನ್ನ ತಗೊಂಡ್ರೆ ಹಸಿವಾಗುತ್ತೆ, ಮೈಕೈ ನೋವು ಹೋಗುತ್ತೆ ಅಂತ ಅಪ್ಪ ಇನ್ನೊಂದು ಸಲ ತರಿಸಿಕೊಂಡ್ರು" ಎಂದರು. ಹಸಿವು ಹೆಚ್ಚಿಸಿ ಮೈಕೈ ನೋವನ್ನು ಕೂಡಲೇ ಇಳಿಸುವ ಆ ಗುಣ ಸ್ಟೆರಾಯ್ಡಿನದು ಎಂದು ವೈದ್ಯರು ಊಹಿಸಬಲ್ಲರು. ಆದರೆ ಎಷ್ಟು ಪ್ರಮಾಣ, ಎಷ್ಟು ದಿನ ಎಂದು ಆ ಪೊಟ್ಟಣ ನೋಡಿ ಯಾರೂ ಹೇಳಲಾರರು. ಅವರ ಸಕ್ಕರೆ ಅಂದು 400 ದಾಟಿತ್ತು. ದಯವಿಟ್ಟು ಮಾತ್ರೆಯನ್ನು ಹಾಳೆಸಮೇತ ಕೇಳಿ ಪಡೆಯಿರಿ, ಚೀಟಿಯನ್ನು ಇಟ್ಟುಕೊಳ್ಳಿ. ಹಲವು ದಿನಗಳಿಂದ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಥಟ್ಟನೆ ನಿಲ್ಲಿಸುವುದೂ ಅಪಾಯಕಾರಿ. ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸಬೇಕು.

ಯಾವ ಲಕ್ಷಣ ಕಂಡರೆ ಅನುಮಾನಿಸಬೇಕು?

ಶ್ವಾಸಕೋಶದ ಸೋಂಕಿನಲ್ಲಿ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೂ ಜ್ವರ ಬಿಡುವುದಿಲ್ಲ ಅಥವಾ ಬಿಟ್ಟು ಮತ್ತೆ ಬರುತ್ತದೆ, ಕಫದಲ್ಲಿ ರಕ್ತ ಕಾಣಿಸುತ್ತದೆ, ಉಸಿರೆಳೆದಾಗ ಎದೆ ಚುಚ್ಚುತ್ತದೆ, ಇಳಿಯುತ್ತಿದ್ದ ಆಮ್ಲಜನಕದ ಅಗತ್ಯ ಪುನಃ ಏರುತ್ತದೆ. ಫ್ಲೂ ರೋಗಿಗಳಲ್ಲಿ ಇದು ಐಸಿಯು ಸೇರಿದ ಮೊದಲ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳಬಹುದು. ಕೋವಿಡ್‌ನಲ್ಲಿ ಸಾಮಾನ್ಯವಾಗಿ ಇನ್ನೂ ತಡವಾಗಿ.

ಮೂಗು ಮತ್ತು ಕಣ್ಣಿನ ಮ್ಯೂಕರ್ ಸೋಂಕು ಹೆಚ್ಚಾಗಿ ಮುಖದ ಒಂದೇ ಬದಿಯಲ್ಲಿ ಶುರುವಾಗುತ್ತದೆ. ಒಂದು ಕೆನ್ನೆ ನೋಯುವುದು ಅಥವಾ ಜೋಮು ಹಿಡಿದಂತಾಗುವುದು, ಒಂದು ಹೊಳ್ಳೆ ಕಟ್ಟಿಕೊಂಡು ಕಪ್ಪು ಅಥವಾ ರಕ್ತಮಿಶ್ರಿತ ಸಿಂಬಳ ಬರುವುದು, ಗಟ್ಟಿಯಾಗಿದ್ದ ಮೇಲ್ದವಡೆಯ ಹಲ್ಲು ಅಲುಗಾಡುವುದು, ಅಂಗುಳಿನಲ್ಲಿ ಕಪ್ಪು ಕಲೆ, ಕಣ್ಣಿನ ಸುತ್ತ ಊತ, ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು. ಸಕ್ಕರೆ ಕಾಯಿಲೆಯಿದ್ದು ಇತ್ತೀಚೆಗೆ ಜ್ವರದಿಂದ ಎದ್ದವರಲ್ಲಿ ಇವುಗಳಲ್ಲಿ ಒಂದು ಕಂಡರೂ ಅಂದೇ ಹೊರಡಬೇಕು. ಹಲ್ಲು ನೋವೆಂದು ದಂತವೈದ್ಯರ ಬಳಿ, ಕಣ್ಣು ಕೆಂಪೆಂದು ಕನ್ನಡಕದಂಗಡಿಯ ಬಳಿ ಕಳೆದ ದಿನಗಳು ಈ ಕಾಯಿಲೆಯಲ್ಲಿ ತುಂಬಾ ದುಬಾರಿ, ಏಕೆಂದರೆ ಶಿಲೀಂಧ್ರವು ರಕ್ತನಾಳದೊಳಕ್ಕೇ ನುಗ್ಗಿ ಅದನ್ನು ಮುಚ್ಚುತ್ತ, ಕಣ್ಣಿನ ಗೂಡಿನಿಂದ ಮಿದುಳಿನತ್ತ ಸಾಗುತ್ತದೆ.

"ಕಪ್ಪು ಶಿಲೀಂಧ್ರ" ನಿಜವಾಗಿ ಕಪ್ಪೇ?

ಸೂಕ್ಷ್ಮದರ್ಶಕದಲ್ಲಿ ಅದರ ಎಳೆಗಳಿಗೆ ಬಣ್ಣವೇ ಇರುವುದಿಲ್ಲ. ರಕ್ತ ಸಂಚಾರ ನಿಂತು ಸತ್ತ ಅಂಗಾಂಶ ಕಪ್ಪಾಗುತ್ತದೆ; ಹೆಸರು ಬಂದದ್ದು ಅದರಿಂದ.

ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ? ರೋಗಿಯ ಬಟ್ಟೆ, ತಟ್ಟೆ ಬೇರೆ ಇಡಬೇಕೇ?

ಆಸ್ಪರ್ಜಿಲಸ್ ಮತ್ತು ಮ್ಯೂಕರ್ ಎರಡೂ ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ. ವೈರಸ್ ಹರಡುತ್ತದೆ, ಅದಕ್ಕೆ ಬೇಕಾದ ಎಚ್ಚರ ಸಾಕು. 2021ರಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಮರಳಿದವರನ್ನು ಕೆಲವು ಮನೆಗಳಲ್ಲಿ ಹೊರಗಿನ ಕೋಣೆಯಲ್ಲಿ ಇರಿಸಿದ್ದನ್ನು ನಾನು ಬಲ್ಲೆ. ಮುಖದ ಅರ್ಧ ಭಾಗ ಕಳೆದುಕೊಂಡವರಿಗೆ ಅದು ಎರಡನೆಯ ಶಿಕ್ಷೆಯಾಗಿತ್ತು, ಮತ್ತು ಅದರ ಅಗತ್ಯವೇ ಇರಲಿಲ್ಲ. ಕ್ಯಾಂಡಿಡಾ ಆರಿಸ್ ಎಂಬ ಇನ್ನೊಂದು ಶಿಲೀಂಧ್ರ ಮಾತ್ರ ಐಸಿಯುಗಳಲ್ಲಿ ಕೈ, ಹಾಸಿಗೆ, ಉಪಕರಣಗಳ ಮೂಲಕ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಐಸಿಯು ಒಳಗೆ ಹೋಗುವಾಗ ಮತ್ತು ಹೊರಬರುವಾಗ ಕೈ ತೊಳೆಯಿರಿ ಎಂದು ಸಿಬ್ಬಂದಿ ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಹೇಗೆ ಮಾಡುತ್ತಾರೆ? ಫಲಿತಾಂಶಕ್ಕೆ ಎಷ್ಟು ದಿನ?

ಮೊದಲ ಪರೀಕ್ಷೆ ಬಹಳ ಹಳೆಯದು, ಅಗ್ಗದ್ದು, ಮತ್ತು ಒಂದು ಗಂಟೆಯೊಳಗೆ ಮುಗಿಯುವಂಥದ್ದು. ಅಂಗಾಂಶದ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಂದೆರಡು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ. ಕೆಲವು ನಿಮಿಷಗಳಲ್ಲಿ ಮಾಂಸದ ಜೀವಕೋಶಗಳು ಕರಗಿ ಎಲ್ಲವೂ ಗಂಜಿಯ ತಿಳಿಯಂತೆ ಮಸುಕಾಗುತ್ತದೆ. ಶಿಲೀಂಧ್ರದ ಗೋಡೆ ಮಾತ್ರ ಕರಗದೆ ಉಳಿಯುತ್ತದೆ. ಅಗಲವಾದ, ಅಡ್ಡಗೋಡೆಗಳಿಲ್ಲದ, ಮಡಚಿದ ರಿಬ್ಬನ್ನಿನಂಥ ಎಳೆಗಳು ಹೆಚ್ಚುಕಡಿಮೆ ಲಂಬವಾಗಿ ಕವಲೊಡೆದಿದ್ದರೆ ಮ್ಯೂಕರ್ ಎಂದೂ, ಕಿರಿದಾದ, ಬಿದಿರಿನ ಗೆಣ್ಣಿನಂತೆ ಅಡ್ಡಗೋಡೆಗಳಿರುವ ಎಳೆಗಳು ಸುಮಾರು 45 ಡಿಗ್ರಿಯಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್ ಅಥವಾ ಅದರಂಥದ್ದು ಎಂದೂ ಬರೆಯುತ್ತೇವೆ. ಈ ವ್ಯತ್ಯಾಸ ಬರಿಯ ಶಾಸ್ತ್ರಕ್ಕಲ್ಲ, ಔಷಧವೇ ಬೇರೆಯಾಗುತ್ತದೆ. ಮಾದರಿಯಲ್ಲಿರುವ ಶಿಲೀಂಧ್ರವನ್ನು ಪೋಷಕಾಂಶವಿರುವ ತಟ್ಟೆಯಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಇನ್ನೂ ಕೆಲವು ದಿನ ಬೇಕು.

ಶ್ವಾಸಕೋಶದ ಸೋಂಕಿನಲ್ಲಿ ಅಂಗಾಂಶ ತೆಗೆಯುವುದು ಕಷ್ಟವಾದ್ದರಿಂದ, ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಒಳಗಿಳಿಸಿ, ಶ್ವಾಸನಾಳವನ್ನು ತೊಳೆದ ನೀರಿನಲ್ಲಿ ಗ್ಯಾಲಕ್ಟೋಮನ್ನಾನ್ ಎಂಬ ಆಸ್ಪರ್ಜಿಲಸ್ ಗೋಡೆಯ ಅಂಶವನ್ನು ಹುಡುಕುತ್ತಾರೆ. ಐಸಿಯುನ ವೈರಲ್ ರೋಗಿಗಳಲ್ಲಿ ರಕ್ತದ ಪರೀಕ್ಷೆಗಿಂತ ಈ ನೀರಿನ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ. ರಕ್ತದಲ್ಲಿ ಇಲ್ಲವೆಂದು ಬಂದ ಮಾತ್ರಕ್ಕೆ ಸೋಂಕಿಲ್ಲ ಎಂದು ಬಿಡುವಂತಿಲ್ಲ. ಮ್ಯೂಕರ್ ಅನ್ನು ಈ ಪರೀಕ್ಷೆ ಹಿಡಿಯುವುದೇ ಇಲ್ಲ. ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಮಾದರಿಯನ್ನು ಕಳುಹಿಸುವ ಬಗೆಯ ಕುರಿತು ಒಂದು ಮಾತು ಸೇರಿಸಬೇಕು. ತಾಲ್ಲೂಕು ಕೇಂದ್ರವೊಂದರಲ್ಲಿ ತೆಗೆದ ಮೂಗಿನ ಅಂಗಾಂಶವನ್ನು ರೋಗಿಯ ಮಗ ಬಸ್ಸಿನಲ್ಲಿ, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಿದ್ದ. ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಉರಿ ಹತ್ತಿತು: ಪೂರ್ತಿ ತುಂಡನ್ನು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಲಾಗಿತ್ತು. ಫಾರ್ಮಲಿನ್‌ನಲ್ಲಿ ಶಿಲೀಂಧ್ರ ಸಾಯುವುದರಿಂದ ಬೆಳೆಸಿ ನೋಡುವ ಅವಕಾಶ ಅಲ್ಲಿಗೇ ಮುಗಿಯಿತು. ಎರಡು ಬಾಟಲಿ ಇರಬೇಕು. ಬಯಾಪ್ಸಿಗೆ ಹೋಗುವುದು ಫಾರ್ಮಲಿನ್‌ನಲ್ಲಿ, ಕಲ್ಚರ್‌ಗೆ ಹೋಗುವುದು ಶುದ್ಧ ಸಲೈನಿನಲ್ಲಿ. ಮನೆಯವರು "ಎರಡೂ ಬಾಟಲಿ ಇದೆಯಾ?" ಎಂದು ಕೇಳಿದರೆ ಯಾವ ವೈದ್ಯರೂ ತಪ್ಪು ತಿಳಿಯುವುದಿಲ್ಲ.

ಕಫದ ವರದಿಯಲ್ಲಿ "ಕ್ಯಾಂಡಿಡಾ" ಎಂದಿದೆ. ಗಾಬರಿಯಾಗಬೇಕೇ?

ಸಾಮಾನ್ಯವಾಗಿ ಬೇಡ. ಕ್ಯಾಂಡಿಡಾ ನಮ್ಮ ಬಾಯಿಯಲ್ಲೂ ಕರುಳಿನಲ್ಲೂ ವಾಸಿಸುವ ಶಿಲೀಂಧ್ರ; ಆ್ಯಂಟಿಬಯಾಟಿಕ್ ಪಡೆದವರ ಕಫದಲ್ಲಿ ಅದು ಬೆಳೆಯುವುದು ಮಾಮೂಲು. ಅದರಿಂದ ನ್ಯುಮೋನಿಯಾ ಬರುವುದು ತೀರ ಅಪರೂಪ. ರಕ್ತದ ಕಲ್ಚರ್‌ನಲ್ಲಿ ಅದೇ ಹೆಸರು ಬಂದರೆ ಮಾತ್ರ ತುರ್ತು.

ಇದು ಕ್ಷಯ ಇರಬಹುದೇ?

ಕಫದಲ್ಲಿ ರಕ್ತ, ಬಿಡದ ಜ್ವರ, ಎಕ್ಸ್‌ರೇಯಲ್ಲಿ ಕುಳಿ ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಕ್ಷಯ, ಮತ್ತು ಅದನ್ನು ಪರೀಕ್ಷಿಸಲೇಬೇಕು. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗದೆ, ಕೇವಲ ಅನುಮಾನದ ಮೇಲೆ ಕ್ಷಯದ ಮಾತ್ರೆ ಆರಂಭವಾಗಿ, ಕೆಲವು ವಾರಗಳಾದರೂ ಸುಧಾರಿಸದಿದ್ದರೆ ಶಿಲೀಂಧ್ರದ ಬಗ್ಗೆ ಕೇಳಿ. ಹಿಂದೆ ಕ್ಷಯವಾಗಿ ವಾಸಿಯಾದವರ ಶ್ವಾಸಕೋಶದ ಹಳೆಯ ಕುಳಿಗಳಲ್ಲಿ ಆಸ್ಪರ್ಜಿಲಸ್ ನೆಲೆಸುವುದೂ ಉಂಟು. ಎರಡೂ ಕಾಯಿಲೆ ಒಟ್ಟಿಗಿದ್ದರೆ ಚಿಕಿತ್ಸೆ ಬಿಕ್ಕಟ್ಟಾಗುತ್ತದೆ: ಕ್ಷಯದ ರಿಫಾಂಪಿಸಿನ್ ಮಾತ್ರೆಯು ಶಿಲೀಂಧ್ರದ ವೊರಿಕೊನಜೋಲ್ ಔಷಧವನ್ನು ರಕ್ತದಲ್ಲಿ ನಿಲ್ಲಗೊಡುವುದಿಲ್ಲ. ಆದ್ದರಿಂದ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ ಏನು? ಏಕಿಷ್ಟು ದೀರ್ಘ, ಏಕಿಷ್ಟು ಕಷ್ಟ?

ಆ್ಯಂಟಿಬಯಾಟಿಕ್‌ಗಳು ಶಿಲೀಂಧ್ರಕ್ಕೆ ಏನೂ ಮಾಡಲಾರವು. ಶಿಲೀಂಧ್ರದ ಜೀವಕೋಶವು ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹೆಚ್ಚು ಹತ್ತಿರದ್ದು. ಹಾಗಾಗಿ ಅದನ್ನು ಕೊಂದು ನಮ್ಮನ್ನು ಬಿಡುವಂಥ ಔಷಧಗಳು ಬೆರಳೆಣಿಕೆಯಷ್ಟೇ. ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಅಥವಾ ಐಸಾವುಕೊನಜೋಲ್ ಕೊಡುತ್ತಾರೆ, ಸಾಮಾನ್ಯವಾಗಿ ಕನಿಷ್ಠ 6ರಿಂದ 12 ವಾರ. ವೊರಿಕೊನಜೋಲ್ ನುಂಗಿದ ಸ್ವಲ್ಪ ಹೊತ್ತು ಬಣ್ಣಗಳು ಬೇರೆಯಾಗಿ ಕಾಣಬಹುದು, ಬೆಳಕು ಚುಚ್ಚಬಹುದು. ಇದು ತಾನೇ ಸರಿಹೋಗುತ್ತದೆ, ಆದರೆ ಆ ಹೊತ್ತಿನಲ್ಲಿ ಬೈಕ್ ಓಡಿಸಬೇಡಿ. ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ತೆಗೆದುಕೊಳ್ಳಬೇಕು. ಬಿಸಿಲಿಗೆ ಚರ್ಮ ಸುಡುತ್ತದೆಯಾದ್ದರಿಂದ ತೋಟ, ಗದ್ದೆಯಲ್ಲಿ ದುಡಿಯುವವರು ತುಂಬುತೋಳಿನ ಅಂಗಿ, ಟೋಪಿ ಇಲ್ಲದೆ ಹೊರಡಬಾರದು.

ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೆ ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಬೇಕು, ಮತ್ತು ಸತ್ತ ಅಂಗಾಂಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ರಕ್ತ ಹರಿಯದ ಜಾಗಕ್ಕೆ ರಕ್ತದಲ್ಲಿ ಕೊಟ್ಟ ಔಷಧ ತಲುಪುವುದಾದರೂ ಹೇಗೆ? ಆಂಫೊಟೆರಿಸಿನ್ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪದೇ ಪದೇ ರಕ್ತ ತೆಗೆಯುತ್ತಾರೆಂದು ಮನೆಯವರು ಬೇಸರಿಸಿಕೊಳ್ಳುತ್ತಾರೆ. ಆ ರಕ್ತಪರೀಕ್ಷೆಗಳೇ ಚಿಕಿತ್ಸೆಯನ್ನು ನಡುದಾರಿಯಲ್ಲಿ ನಿಲ್ಲದಂತೆ ಕಾಯುವುದು.

ಹುಳುಕಡ್ಡಿಗೆ ಕೊಟ್ಟ ಫ್ಲುಕೊನಜೋಲ್ ಮಾತ್ರೆ ಮನೆಯಲ್ಲಿದೆ. ಮುಂಜಾಗ್ರತೆಗೆ ನುಂಗಬಹುದೇ?

ಬೇಡ. ಆಸ್ಪರ್ಜಿಲಸ್ ಮೇಲಾಗಲಿ ಮ್ಯೂಕರ್ ಮೇಲಾಗಲಿ ಫ್ಲುಕೊನಜೋಲ್‌ಗೆ ಪರಿಣಾಮವಿಲ್ಲ.

ತೋಟದ ಕೆಲಸ, ಗೊಬ್ಬರ, ಸಿಂಪರಣೆಯಿಂದ ಅಪಾಯವಿದೆಯೇ? ಕಾಫಿಯ ಎಲೆ ತುಕ್ಕು ಮನುಷ್ಯರಿಗೆ ಬರುತ್ತದೆಯೇ?

ಎಲೆ ತುಕ್ಕು ಜೀವಂತ ಕಾಫಿ ಎಲೆಯ ಮೇಲಷ್ಟೇ ಬದುಕುವ ಶಿಲೀಂಧ್ರ, ಮನುಷ್ಯರಿಗೆ ಬರುವುದಿಲ್ಲ. ಗೊಬ್ಬರದ ವಿಷಯ ಹಾಗಲ್ಲ. ಕೊಳೆಯುವ ಗುಂಡಿಯ ಒಳಗಿನ ಶಾಖದಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಹುಲುಸಾಗಿ ಬೆಳೆಯುತ್ತದೆ, ಮತ್ತು ಗುಂಡಿ ಬಗೆದಾಗ ಏಳುವ ಬೂದಿಬಣ್ಣದ ದೂಳಿನಲ್ಲಿ ಬೀಜಾಣುಗಳು ಅಸಂಖ್ಯ. ಜ್ವರದಿಂದ ಎದ್ದು ಇನ್ನೂ ಕೆಮ್ಮು ಉಳಿದವರು, ಸ್ಟೆರಾಯ್ಡ್ ಪಡೆಯುತ್ತಿರುವವರು, ಸಕ್ಕರೆ ಹದಕ್ಕೆ ಬಾರದವರು ಕೆಲವು ವಾರ ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಬೂಷ್ಟು ಹಿಡಿದ ಹುಲ್ಲನ್ನು ಕೊಟ್ಟಿಗೆಗೆ ಇಳಿಸುವುದೂ ಇದರಲ್ಲಿ ಸೇರಿತು. ಮಾಡಲೇಬೇಕಾಗಿ ಬಂದರೆ ಸ್ವಲ್ಪ ನೀರು ಚಿಮುಕಿಸಿ, ಎನ್95 ಮಾಸ್ಕ್ ಬಿಗಿಯಾಗಿ ಕಟ್ಟಿಕೊಳ್ಳಿ; ಟವೆಲ್ ಸುತ್ತಿಕೊಂಡರೆ ಈ ಗಾತ್ರದ ಬೀಜಾಣು ನಿಲ್ಲುವುದಿಲ್ಲ.

ಸಿಂಪರಣೆಯ ಬಗ್ಗೆ ಬೆಳೆಗಾರರು ಕೇಳುವುದು ಕಡಿಮೆ, ಆದರೆ ನನಗೆ ಮುಖ್ಯವೆನಿಸುವ ಸಂಗತಿಯೊಂದಿದೆ. ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದಕ್ಕೂ ನಮ್ಮ ಔಷಧಗಳಿಗೂ ನಂಟಿಲ್ಲ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್‌ಗಳು ಮಾತ್ರ ವೊರಿಕೊನಜೋಲ್ ಸೇರಿದ ಅದೇ ಟ್ರಯಜೋಲ್ ಕುಟುಂಬದವು. ಹೊಲ ತೋಟಗಳಲ್ಲಿ ಇವುಗಳ ಬಳಕೆಯಿಂದ ಔಷಧಕ್ಕೆ ಜಗ್ಗದ ಆಸ್ಪರ್ಜಿಲಸ್ ಹುಟ್ಟಿಕೊಂಡಿರುವುದು ಮೊದಲು ಯುರೋಪಿನಲ್ಲಿ, ಆಮೇಲೆ ಭಾರತದಲ್ಲೂ ವರದಿಯಾಗಿದೆ. ಬೆಳೆ ಉಳಿಸಿಕೊಳ್ಳಬೇಡಿ ಎಂದು ನಾನು ಹೇಳಲಾರೆ. ಶಿಫಾರಸು ಮಾಡಿದ ಪ್ರಮಾಣ ಮತ್ತು ಸಲಕ್ಕಿಂತ ಹೆಚ್ಚು ಹೊಡೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಆವಿ ತೆಗೆದುಕೊಂಡರೆ ತಡೆಯಬಹುದೇ? ಮನೆಯಲ್ಲಿ ಆಮ್ಲಜನಕ ಯಂತ್ರವಿದೆ, ಅದರ ನೀರು?

ಆವಿ ಶಿಲೀಂಧ್ರವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸುಟ್ಟುಕೊಂಡವರಿದ್ದಾರೆ. ಆಮ್ಲಜನಕ ಯಂತ್ರದ ಬಾಟಲಿಗೆ ನಲ್ಲಿ ನೀರು, ಬಾವಿ ನೀರು ಬೇಡ. ಡಿಸ್ಟಿಲ್ಡ್ ನೀರನ್ನೋ ಕುದಿಸಿ ಆರಿಸಿದ ನೀರನ್ನೋ ಹಾಕಿ, ಪ್ರತಿದಿನ ಬದಲಿಸಿ, ಬಾಟಲಿ ತೊಳೆದು ಒಣಗಿಸಿ.

ಲಸಿಕೆ ಇದೆಯೇ?

ಶಿಲೀಂಧ್ರಕ್ಕೆ ಇಲ್ಲ, ಫ್ಲೂಗೆ ಇದೆ. ವಯಸ್ಸಾದವರು, ಸಕ್ಕರೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿರುವವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳ್ಳೆಯದು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದಾದ ಸಾವೊಂದು ದೇಶದಾದ್ಯಂತ ಸುದ್ದಿಯಾದದ್ದು ಹಾಸನ ಜಿಲ್ಲೆಯಿಂದಲೇ. ತೀರಿಕೊಂಡ ಹಿರಿಯರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇದ್ದವು. ವೈರಸ್ ತೀವ್ರವಾಗದಿದ್ದರೆ ಶಿಲೀಂಧ್ರಕ್ಕೆ ದಾರಿ ತೆರೆಯುವುದೂ ಕಡಿಮೆ.

ಆಸ್ಪತ್ರೆಗೆ ಹೊರಡುವಾಗ ಏನನ್ನು ಒಯ್ಯಬೇಕು?

ಕಣ್ಣು, ಮೂಗು, ಎದೆಯ ತಜ್ಞರು ಒಂದೇ ಆವರಣದಲ್ಲಿ ಸಿಗುವ ಕಡೆ ಹೋಗುವುದು ಮೇಲು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಜ್ವರ ಶುರುವಾದ ತಾರೀಕು, ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಹಾಳೆಗಳು, ಸ್ಟೆರಾಯ್ಡ್ ಎಷ್ಟು ದಿನ ಎಂಬ ಲೆಕ್ಕ, ಕೊನೆಯ ಸಕ್ಕರೆಯ ಸಂಖ್ಯೆ, ಹಿಂದಿನ ಸ್ಕ್ಯಾನಿನ ವರದಿಯಷ್ಟೇ ಅಲ್ಲದೆ ಫಿಲ್ಮ್ ಕೂಡ: ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಇವು ಕೈಯಲ್ಲಿದ್ದರೆ ಹೊಸ ವೈದ್ಯರು ಮೊದಲ ದಿನವೇ ಅಂಗಾಂಶದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಲ್ಲರು, ಮತ್ತು ಅಂದು ಸಂಜೆಯೊಳಗೆ ನಾವು ಮೊದಲ ಉತ್ತರ ಕೊಡಬಲ್ಲೆವು.